ಕಿಟಕಿಯೆತ್ತರದ ಹೂವು

೯ ಜನವರಿ ೧೯೫೫, ಭಾನುವಾರ
ಚನ್ನರಾಯಪಟ್ಟಣ

ಅಂತೂ ಮನೆ ಸಿಕ್ಕಿತು, ಬಂದೂ ಆಯಿತು. ಊರಿನ ಅಂಚಿನಲ್ಲಿ ಹಾಸುಬಂಡೆಯ ಮೇಲೆ ಒಂಟಿಯಾಗಿ ನಿಂತ ಮಣ್ಣುಗೋಡೆಯ ಹೆಂಚಿನ ಮನೆ. ಪೇಟೆಯೊಳಗೆ ಯಾರೂ ಬಾಡಿಗೆಗೆ ಕೊಡಲಿಲ್ಲ. ನಾನು ಮನೆ ಕೇಳಲು ಹೋಗುವ ಮುಂಚೆಯೇ ಹೆಂಡತಿಗೆ ಕ್ಷಯ ಎಂಬ ಮಾತು ಆ ಬೀದಿಗೆ ಹೋಗಿರುತ್ತಿತ್ತು. ಇದು ಬೆನ್ನುಮೂಳೆಗೆ ಬಂದದ್ದು, ಕೆಮ್ಮಿನದಲ್ಲ, ಹರಡುವುದಿಲ್ಲ ಎಂದು ಹಾಸನದ ಡಾಕ್ಟರು ಹೇಳಿದ್ದನ್ನು ಎಷ್ಟು ಜನಕ್ಕೆಂದು ಹೇಳುವುದು? ಈ ಮನೆಯ ಯಜಮಾನ ಬೈರಯ್ಯ ಮಾತ್ರ ಏನನ್ನೂ ಕೇಳದೆ ಬೀಗದ ಕೈ ಕೊಟ್ಟ.

ಹೆಂಡತಿಯನ್ನು ಗಾಡಿಯಲ್ಲಿ ಹುಲ್ಲು ಹಾಸಿ ಕರೆತಂದೆವು. ಕುತ್ತಿಗೆಯಿಂದ ಮಂಡಿಯವರೆಗೆ ಮೈಯಳತೆಗೆ ಎರೆದ ಪ್ಲಾಸ್ಟರಿನ ತೊಟ್ಟಿಯೊಳಗೆ ಅಂಗಾತ ಮಲಗಿರಬೇಕು. ಏಳುವಂತಿಲ್ಲ, ಮಗ್ಗುಲಾಗುವಂತಿಲ್ಲ. ತಲೆ ಮಾತ್ರ ಅತ್ತಿತ್ತ ತಿರುಗಿಸಬಹುದು. ವರ್ಷವಾಗಬಹುದು, ಹೆಚ್ಚೂ ಆಗಬಹುದು ಎಂದಿದ್ದಾರೆ. ದಿನಕ್ಕೊಂದು ಸೂಜಿ ಚುಚ್ಚಲು ಕಾಂಪೌಂಡರು ಬರುತ್ತಾನೆ. ಮೈ ಒರೆಸಿ, ಬಟ್ಟೆ ಬದಲಿಸಿ, ಗಂಜಿ ಕುಡಿಸಲು ಹೊನ್ನಕ್ಕ ಎಂಬ ಹೆಂಗಸನ್ನು ಗೊತ್ತುಮಾಡಿದ್ದೇನೆ. ಪಕ್ಕದ ಹಟ್ಟಿಯವಳು. ಬಂದ ಮೊದಲ ದಿನವೇ ಇವಳನ್ನು ಅನಸೂಯವ್ವ, ಅನಸೂಯವ್ವ ಎಂದು ಕರೆದು ಬಳಗದವಳ ಹಾಗೆ ಮಾತಾಡಿಸಿದಳು. ನನಗೆ ಮದುವೆಯಾಗಿ ಮೂರನೆಯ ವರ್ಷ. ಇವಳ ಹತ್ತಿರ ಅಷ್ಟು ಮಾತು ನಾನು ಇದುವರೆಗೆ ಆಡಿದ್ದೇನೋ ಇಲ್ಲವೋ.

ನನ್ನ ಹಾಸಿಗೆ ಜಗಲಿಯ ಮೇಲೆ. ಕೋಣೆಯ ವಾಸನೆ ತಡೆಯಲಾಗುವುದಿಲ್ಲ. ಇದನ್ನು ಯಾರಿಗೂ ಹೇಳುವಂತಿಲ್ಲವಾದ್ದರಿಂದ ಇಲ್ಲಿ ಬರೆದಿದ್ದೇನೆ.

೨೩ ಜನವರಿ, ಭಾನುವಾರ

ಇವಳು ಏನನ್ನೂ ಕೇಳುವವಳಲ್ಲ. ಇಂದು ಕೇಳಿದಳು. ಮಂಚವನ್ನು ಕಿಟಕಿಗೆ ಒತ್ತಿ ಹಾಕಿದ್ದರೂ ಕಿಟಕಿಯ ಕಟ್ಟೆ ಎತ್ತರ. ಮಲಗಿದವಳಿಗೆ ಕಾಣುವುದು ಬರೀ ಆಕಾಶ. ಬೇಸಿಗೆ ಬಂದರೆ ಅದೂ ಬೆಳ್ಳಗೆ ಗೋಡೆಯ ಹಾಗೇ ಆಗಿಬಿಡುತ್ತದೆ, ಒಂದು ಹೂವಿನ ಗಿಡ ಕಂಡರೆ ಸಾಕಾಗಿತ್ತು ಎಂದಳು.

ಕನ್ನಡಿಯೊಂದನ್ನು ವಾರೆಯಾಗಿ ನೇತುಹಾಕಿ ಅಂಗಳ ತೋರಿಸಿದೆ. ಅದರಲ್ಲಿ ಅಂಗಳದ ಜೊತೆಗೆ ಅವಳಿಗೆ ತನ್ನ ಮುಖವೂ ಪ್ಲಾಸ್ಟರೂ ಕಂಡವು. ತೆಗೆದುಬಿಡಿ ಎಂದಳು. ಹಾಗಾದರೆ ಒಂದು ಕುಂಡ ತಂದು ಕಿಟಕಿಯ ಕಟ್ಟೆಯ ಮೇಲಿಡುತ್ತೇನೆಂದೆ.

"ಕುಂಡದ್ದು ಬ್ಯಾಡಿ," ಎಂದಳು. "ಎತ್ತಿಟ್ಟ ಕಡೆ ಇರೋಕೆ ನಾನೊಬ್ಬಳು ಸಾಕು. ನೆಲದಿಂದ ತಾನೇ ಎದ್ದು ನಿಂತದ್ದು ಕಾಣ್ಬೇಕು."

ಕಾಯಿಲೆಯವರ ಹಟ. ಆದರೂ ಮಾಡಬಹುದು. ಗುದ್ದಲಿ ಹಿಡಿದು ಅಂಗಳದಲ್ಲಿದ್ದರೆ ಕೋಣೆಯೊಳಗೆ ಯಾಕಿಲ್ಲ ಎಂದು ಯಾರೂ ಕೇಳುವುದಿಲ್ಲ.

೩೦ ಜನವರಿ, ಭಾನುವಾರ

ಹಾರೆಯಲ್ಲಿ ಅಂಗಳವನ್ನೆಲ್ಲ ಚುಚ್ಚಿ ನೋಡಿದೆ. ಎಲ್ಲಿ ಚುಚ್ಚಿದರೂ ಠಣ್ಣೆನ್ನುತ್ತದೆ. ಮಣ್ಣು ಇರುವ ಕಡೆ ಒಂದು ಗೇಣು, ಇಲ್ಲದ ಕಡೆ ನಾಲ್ಕು ಬೆರಳು. ಅದರ ಕೆಳಗೆ ಒಂದೇ ಬಂಡೆ.

ಗಾಡಿಯಲ್ಲಿ ಕೆರೆಯ ಗೋಡುಮಣ್ಣು ತರಿಸಿ ಕಿಟಕಿಯ ಕೆಳಗೆ ಏರಿಸಿಬಿಡೋಣವೆಂದುಕೊಂಡೆ. ಬೈರಯ್ಯ ಒಪ್ಪಲಿಲ್ಲ. ಹಸಿ ಮಣ್ಣು ಒರಗಿಸಿದರೆ ಮಣ್ಣುಗೋಡೆ ಮಳೆಗಾಲ ಕಳೆಯುವುದಿಲ್ಲವಂತೆ. ಬಳ್ಳಿ ಹಬ್ಬಿಸುವುದಕ್ಕೂ ಬೇಡವೆಂದ, ಇಲಿ ಅದನ್ನೇ ಹತ್ತಿ ಹೆಂಚಿಗೆ ಬರುತ್ತದೆ. ಅವನು ಹೇಳಿದ್ದು ಸರಿ. ಹಾಗಾಗಿ ಗೋಡೆ ಬಿಟ್ಟು ದೂರದಲ್ಲಿ, ಇರುವ ಗೇಣು ಮಣ್ಣಿನಲ್ಲಿ, ಆಳುದ್ದ ಏಳುವ ಗಿಡ ಬೇಕು. ಮಣ್ಣು ಕಡಿಮೆ ಇದ್ದಲ್ಲಿ ಗಿಡವೂ ಗಿಡ್ಡ ಎಂದು ಮಕ್ಕಳಿಗೆ ಪಾಠ ಹೇಳುವವನು ನಾನು.

ಹಾಸನದ ಸ್ನೇಹಿತನೊಬ್ಬನಿಂದ ಹಾಲಿಹಾಕ್ ಬೀಜ ತರಿಸಿದೆ. ಬಂಗಲೆಗಳ ಮುಂದೆ ಕೋಲಿನ ಹಾಗೆ ನೆಟ್ಟಗೆ ನಿಂತು ಮೈತುಂಬ ಹೂ ಬಿಡುವ ಗಿಡ ಅದು. ಶಾಲೆಯಲ್ಲಿದ್ದ ಸೂರ್ಯಕಾಂತಿ ಬೀಜವನ್ನೂ ತಂದು ಎರಡನ್ನೂ ಹಾಕಿದ್ದೇನೆ.

೧೩ ಫೆಬ್ರವರಿ, ಭಾನುವಾರ

ಕಟ್ಟಾಯದಿಂದ ಸೋದರಮಾವ ಸಣ್ಣಯ್ಯ ಬಂದಿದ್ದರು. ಅವ್ವನೂ ಈಗ ಅಲ್ಲೇ, ಅವರ ಪಕ್ಕದ ಮನೆಯಲ್ಲೇ ಇರುವುದು. ಮಾವ ಒಳಗೆ ಬರಲಿಲ್ಲ. ಜಗಲಿಯ ತುದಿಯಲ್ಲಿ ಕೂತು ಎಲೆ ಅಡಿಕೆ ಹಾಕಿಕೊಂಡರು. ಬಂದ ವಿಷಯ ಅವರ ಎರಡನೆಯ ಮಗಳದು.

"ದಿಲ್ಲೀಲಿ ಕಾನೂನು ಬತ್ತಾ ಅದಂತೆ ಕಣಪ್ಪ," ಎಂದರು. "ಬಂದ್‌ಮ್ಯಾಕೆ ಒಬ್ಳು ಇರೋವಾಗ ಇನ್ನೊಬ್ಳನ್ನ ತರೋ ಅಂಗಿಲ್ವಂತೆ. ಅದು ಬರಾದ್ರೊಳಗೆ ಮುಗಿಸ್ಬುಡಾನ. ಇವಳ್ನ ಬುಟ್ಬುಡು ಅಂತ ನಾನು ಏಳ್ತಾ ಇಲ್ಲ. ಇವಳೂ ಇರ್ಲಿ, ಅವಳೂ ಇರ್ಲಿ. ನಿಂಗೆ ಒಂದೊತ್ತು ಬೇಯ್ಸಿ ಇಕ್ಕೋರು ಬ್ಯಾಡ್ವಾ?"

ಅವ್ವನ ಇಷ್ಟವೂ ಅದೇ ಎಂದರು. ಮನೆತನಕ್ಕೆ ಮಗು ಬೇಕಲ್ಲ. ಮಾವ ಹೇಳಿದ್ದರಲ್ಲಿ ತಪ್ಪೇನು ಎಂದು ಯೋಚಿಸಿದರೆ ನನಗೆ ಏನೂ ಹೊಳೆಯುವುದಿಲ್ಲ. ನನಗೆ ಇಪ್ಪತ್ತೆಂಟು. ಡಾಕ್ಟರು ಮುಂದಿನ ಮಾತೇ ಆಡುವುದಿಲ್ಲ. ಯುಗಾದಿ ಕಳೆಯಲಿ, ಬಂದು ಮಾತಾಡುತ್ತೇನೆ ಎಂದು ಹೇಳಿ ಕಳಿಸಿದೆ.

ಜಗಲಿಗೂ ಕೋಣೆಗೂ ನಡುವೆ ಇರುವುದು ಒಂದೇ ಗೋಡೆ.

೨೭ ಫೆಬ್ರವರಿ, ಭಾನುವಾರ

ಹಾಲಿಹಾಕ್ ನಾಲ್ಕೆಲೆಗೆ ನಿಂತುಬಿಟ್ಟಿತ್ತು. ಯಾಕೆಂದು ಒಂದನ್ನು ಕಿತ್ತು ನೋಡಿದೆ. ನೇರ ಕೆಳಗಿಳಿಯುವ ತಾಯಿಬೇರು ಅದರದು. ಬಂಡೆಗೆ ತಾಗಿ ಮೊಣಕೈಯ ಹಾಗೆ ಮಡಿಚಿಕೊಂಡಿತ್ತು. ಉಳಿದವೂ ಹಾಗೇ ಇರಬೇಕು. ಆಳ ಬೇಡುವ ಗಿಡ ಇಲ್ಲಿಗಲ್ಲ. ಸೂರ್ಯಕಾಂತಿಯದು ಪರವಾಗಿಲ್ಲ, ಮೊಣಕಾಲೆತ್ತರ ಬಂದಿದೆ.

ಕಿತ್ತ ಗಿಡವನ್ನು ಇವಳಿಗೆ ತೋರಿಸಿದೆ. ಬೇರನ್ನು ಬೆರಳಲ್ಲಿ ಸವರಿ ಪಕ್ಕಕ್ಕಿಟ್ಟುಕೊಂಡಳು. ಆಮೇಲೆ ಸೂರು ನೋಡುತ್ತಲೇ ಹೇಳಿದಳು:

"ಮಾವನೋರ ಮಗಳು ಒಳ್ಳೇ ಹುಡುಗಿ. ನಾನು ಬ್ಯಾಡ ಅನ್ನಾಕಿಲ್ಲ. ನನ್ನ ಅಪ್ಪನ ಮನೆಗೆ ಮಾತ್ರ ಈಗ ಕಳಿಸ್ಬ್ಯಾಡಿ. ಅರಕಲಗೂಡಿನ ಆಚೆ ರಸ್ತೆ ಸರಿಯಿಲ್ಲ. ಗಾಡಿ ಕುಲುಕಾಟಕ್ಕೆ ಬೆನ್ನು ತಡೀದು."

ಅಳಲಿಲ್ಲ. ಬೇರೆ ಯಾರದೋ ವಿಷಯ ಹೇಳುವ ಹಾಗೆ ಹೇಳಿದಳು. ನೀರು ಹಾಕುವುದಿದೆ ಎಂದು ಹೊರಗೆ ಬಂದೆ.

೨೭ ಮಾರ್ಚ್, ಭಾನುವಾರ

ಯುಗಾದಿ ಆಯಿತು. ಹೊನ್ನಕ್ಕ ಬೇವುಬೆಲ್ಲ ತಂದು ಅವಳ ಬಾಯಿಗಿಟ್ಟಳು.

ಸೂರ್ಯಕಾಂತಿ ಸೊಂಟದವರೆಗೆ ಬಂದು ಮೊಗ್ಗು ಕಟ್ಟುತ್ತಿದೆ. ಇನ್ನೇನು ಕಾಣಿಸಬಹುದು ಎಂದು ಹೇಳುತ್ತಿದ್ದೆ, ಅವಳು ಇಲ್ಲ ಎನ್ನುತ್ತಿದ್ದಳು. ನಿಂತವನ ಲೆಕ್ಕ ಬೇರೆ, ಮಲಗಿದವಳದು ಬೇರೆ. ಅದಕ್ಕೇ ಇಂದು ಒಂದು ಬೆಂಚನ್ನು ತಂದು ಮಂಚದ ಪಕ್ಕಕ್ಕೆ, ಮಂಚದಷ್ಟೇ ಎತ್ತರಕ್ಕೆ ಇಟ್ಟು ಅದರ ಮೇಲೆ ಅಂಗಾತ ಮಲಗಿದೆ. ಹೊನ್ನಕ್ಕನನ್ನು ಅಂಗಳದಲ್ಲಿ ಒಂದು ಬಿದಿರು ಗಳು ಹಿಡಿದು ನಿಲ್ಲಿಸಿದೆ. ಮೇಲೆತ್ತು, ಇನ್ನೂ ಮೇಲೆ ಎನ್ನುತ್ತಾ ಹೋದೆ. ಗಳುವಿನ ತುದಿ ಕಿಟಕಿಯಲ್ಲಿ ಕಂಡಾಗ ನೋಡಿದರೆ, ಅದು ಹೊನ್ನಕ್ಕನ ಭುಜದ ಮಟ್ಟ. ಅಷ್ಟು ಬೆಳೆಯಬೇಕು.

ಅಳತೆ ಆದ ಮೇಲೂ ಸ್ವಲ್ಪ ಹೊತ್ತು ಹಾಗೇ ಮಲಗಿದ್ದೆ. ಮೂರು ಹೆಂಚು ಒಡೆದಿವೆ. ತೊಲೆಯ ಮೇಲೆ ಹಲ್ಲಿಯ ಸಂಸಾರ ಒಂದಿದೆ. ಗೋಡೆಯಲ್ಲಿ ಒಂದು ಬಿರುಕು ಹೊಳೆಯ ಹಾಗೆ ಇಳಿದು ಕವಲಾಗಿದೆ. ಅದಕ್ಕೆ ಹೇಮಾವತಿ ಎಂದು ಹೆಸರಿಟ್ಟಿದ್ದಾಳಂತೆ, ಕವಲಿನ ಹತ್ತಿರ ಅವಳ ತವರೂರು. ಹಲ್ಲಿಗಳಿಗೂ ಹೆಸರಿದೆ. ಒಂದಕ್ಕೆ ನನ್ನ ಶಾಲೆಯ ಹೆಡ್‌ಮಾಸ್ತರರ ಹೆಸರು. ನಗು ಬಂತು. ಅವಳೂ ನಕ್ಕಳು, ನಕ್ಕರೆ ಬೆನ್ನು ನೋಯುತ್ತದೆಂದು ನಿಲ್ಲಿಸಿದಳು.

ಬೆಂಚನ್ನು ಶಾಲೆಗೆ ಹಿಂದಿರುಗಿಸಬೇಕು.

೧೭ ಏಪ್ರಿಲ್, ಭಾನುವಾರ

ಎಲ್ಲ ಹೋಯಿತು. ನಿನ್ನೆ ಸಂಜೆ ಮುಂಗಾರಿನ ಮೊದಲ ಗಾಳಿ ಬೀಸಿ ಒಂದು ಸೂರ್ಯಕಾಂತಿಯನ್ನೂ ಉಳಿಸಲಿಲ್ಲ. ಕಾಂಡ ಮುರಿದಿಲ್ಲ. ಬೇರೆಲ್ಲ ತಟ್ಟೆಯ ಹಾಗೆ ಚಪ್ಪಟೆ ಹರಡಿ, ಮಣ್ಣು ಸಮೇತ ಬಂಡೆಯ ಮೇಲಿಂದ ಎದ್ದು ಮಗುಚಿಕೊಂಡಿದೆ. ಮಣ್ಣು ಇದ್ದ ಜಾಗದಲ್ಲಿ ಬಂಡೆ ತೊಳೆದ ಹಾಗೆ ಕಾಣುತ್ತಿದೆ. ದಪ್ಪ ತಲೆಯ ಗಿಡ, ಹಿಡಿದುಕೊಳ್ಳಲು ಏನೂ ಇಲ್ಲ. ಇನ್ನೊಂದು ವಾರ ಇದ್ದಿದ್ದರೆ ಅವಳಿಗೆ ಕಾಣಿಸುತ್ತಿತ್ತು.

ಬೆಳಗ್ಗಿನಿಂದ ಗೂಟ ಹುಗಿಯಲು ನೋಡಿದೆ, ಬಂಡೆಯಲ್ಲಿ ಗೂಟ ಎಲ್ಲಿ ಹೋಗುತ್ತದೆ? ಕಲ್ಲು ಒಟ್ಟಿ ಅದರ ನಡುವೆ ಗಳು ಸಿಕ್ಕಿಸಿ ಮೂರು ಗಿಡವನ್ನು ಎತ್ತಿ ಕಟ್ಟಿದೆ. ಮಧ್ಯಾಹ್ನಕ್ಕೆ ಅವೂ ಬಾಡಿದವು. ಒಂದರಲ್ಲಿ ಹೂ ಅರ್ಧ ಬಿರಿದಿತ್ತು. ಕೊಯ್ದು ಕೊಡಲೇ ಎಂದೆ. ಬೇಡ, ಅದರ ಪಾಡಿಗೆ ಅಲ್ಲೇ ಇರಲಿ ಎಂದಳು ಅನಸೂಯ. ನನ್ನ ಕೈ ಎರಡೂ ಕಲ್ಲು ಎತ್ತಿ ತರಚಿದ್ದವು. ಕೊಬ್ಬರಿ ಎಣ್ಣೆ ಬಟ್ಟಲು ಅವಳ ಮಗ್ಗುಲಲ್ಲೇ ಇತ್ತು. ಮಲಗಿದ್ದಲ್ಲೇ ಹಚ್ಚಿದಳು.

ಮಾವ ಗೊತ್ತುಮಾಡಿದ್ದಂತೆ ಇಂದು ಹೆಣ್ಣು ನೋಡುವ ಶಾಸ್ತ್ರಕ್ಕೆ ಕಟ್ಟಾಯಕ್ಕೆ ಹೋಗಬೇಕಿತ್ತು. ಆಗಲಿಲ್ಲ. ಮಾವನಿಗೆ ಒಂದು ಕಾರ್ಡು ಹಾಕಬೇಕು.

೧೮ ಮೇ, ಬುಧವಾರ

ಬೇಸಿಗೆ ರಜೆ. ಸೂರ್ಯಕಾಂತಿ ಆದ ಮೇಲೆ ಕಾಸ್ಮಾಸ್ ಹೂವಿನ ಸಸಿ ಹಾಕಿದ್ದೆ. ಬಡ ಮಣ್ಣು ಅದಕ್ಕೆ ಹಿಡಿಸುತ್ತದೆ, ಬೇರು ಆಳಕ್ಕೆ ಹೋಗುವುದಿಲ್ಲ, ಎದೆಯೆತ್ತರ ಬರುತ್ತದೆ ಎಂದು ಓದಿದ್ದೆ. ಎಲ್ಲ ನಿಜ. ಆದರೆ ಬಾವಿ ತಳ ಕಂಡಿದೆ. ಹೊನ್ನಕ್ಕ ಮೈ ಒರೆಸಿದ ನೀರು, ಅಕ್ಕಿ ತೊಳೆದ ನೀರು ಬಿಟ್ಟರೆ ಗಿಡಕ್ಕೆ ಬೇರೆ ಇಲ್ಲ. ಬಾಯಾರಿದ ಗಿಡ ಇಂದು ಮೊಣಕಾಲೆತ್ತರದಲ್ಲೇ ಹೂ ಬಿಟ್ಟುಬಿಟ್ಟಿತು. ಗುಲಾಬಿ ಬಣ್ಣ, ಎಷ್ಟು ಚೆನ್ನಾಗಿದೆ. ಅವಳಿಗೆ ಕಾಣುವುದಿಲ್ಲ.

ಹೇಗಿದೆ ಹೇಳಿ ಎಂದಳು. ಎಂಟು ಎಸಳು, ತುದಿ ಕತ್ತರಿಸಿದ ಹಾಗೆ, ನಡುವೆ ಅರಿಸಿನ ಎಂದು ಕಿಟಕಿಯ ಹೊರಗೆ ನಿಂತು ಒಂದೊಂದನ್ನೂ ಹೇಳಿದೆ. ಎಲೆ ಹೇಗೆ, ಕಾಂಡದ ಬಣ್ಣ ಯಾವುದು, ಗಾಳಿ ಬಂದರೆ ಯಾವ ಕಡೆ ಬಾಗುತ್ತದೆ ಎಂದೆಲ್ಲ ಕೇಳಿದಳು. ಹೊತ್ತು ಹೋದದ್ದೇ ತಿಳಿಯಲಿಲ್ಲ. ಮಾವ ಮತ್ತೊಂದು ಕಾರ್ಡು ಬರೆದಿದ್ದಾರೆ, ನಾಳೆ ನೋಡಿದರಾಯಿತು.

೧೨ ಜೂನ್, ಭಾನುವಾರ

ಸಣ್ಣಯ್ಯ ಮಾವ ಅವ್ವನನ್ನೂ ಕರೆದುಕೊಂಡು ಬಂದರು. ಕಾನೂನು ಹೋದ ತಿಂಗಳೇ ಜಾರಿಗೆ ಬಂತಂತೆ. ವಕೀಲರೊಬ್ಬರು ಹೇಳಿದರಂತೆ. ನಾನು ಪೇಪರು ಓದುವವನು, ನನಗೆ ಗೊತ್ತಿರಲಿಲ್ಲ ಎಂದರೆ ಅವರು ನಂಬಲಿಲ್ಲ. ನಿಜವಾಗಿಯೂ ನನ್ನ ಗಮನಕ್ಕೆ ಬಂದಿರಲಿಲ್ಲ. ಮೇಷ್ಟ್ರ ಕೆಲಸದಲ್ಲಿರುವವನು ಕಾನೂನು ಮೀರುವಂತೆಯೂ ಇಲ್ಲ. ಮಾವ ತುಂಬ ಬೇಸರ ಮಾಡಿಕೊಂಡರು. ತಮ್ಮ ಮಗಳನ್ನು ನಾನು ನಾಲ್ಕು ತಿಂಗಳು ಕಾಯಿಸಿದೆ ಎಂದು ಅವರು ಅಂದದ್ದು ನಿಜವೇ. ನೀರೂ ಮುಟ್ಟದೆ ಬಸ್ಸಿಗೆ ಹೊರಟುಹೋದರು.

ಅವ್ವ ಉಳಿದುಕೊಂಡಳು. ಈ ಮನೆಗೆ ಬಂದದ್ದು ಇದೇ ಮೊದಲು. ಕೋಣೆಯ ಬಾಗಿಲಲ್ಲಿ ನಿಂತು ಸೊಸೆಯನ್ನು ನೋಡಿ ಒಲೆಯ ಹತ್ತಿರ ಹೋದಳು. ಸಾರಿಗೆ ಖಾರ ಹೆಚ್ಚಾಗಿತ್ತು.

ಸಂಜೆ ಮುಂದೆ ಏನು ಹಾಕುವುದೆಂದು ಯೋಚಿಸುತ್ತಾ ಬೆಂಚಿನ ಮೇಲೆ ಕೂತಿದ್ದೆ. ಡೇಲಿಯಾಕ್ಕೆ ಆಳ ಬೇಕು. ಕಾಬಾಳೆಗೆ ನೀರು ಬೇಕು. ಚೆಂಡುಹೂ ಅಷ್ಟು ಎತ್ತರ ಬರುವುದಿಲ್ಲ. ಅನಸೂಯ ಹೇಳಿದಳು: "ನಮ್ಮೂರಲ್ಲಿ ಜಲ್ಲಿ ಹೊಲಕ್ಕೆ ಹುಚ್ಚೆಳ್ಳು ಚೆಲ್ತಾರೆ. ಬೇರೆ ಏನೂ ಬರದ ಕಡೆ ಅದು ಬರ್ತದೆ. ಅದೂ ಹೂವೇ ಅಲ್ವಾ?"

ನನಗೆ ನಗು ಬಂತು. ಮನೆಯ ಮುಂದೆ ಯಾರಾದರೂ ಹುಚ್ಚೆಳ್ಳು ಬೆಳೆಯುತ್ತಾರೆಯೇ? ಮೇಷ್ಟ್ರು ಎಣ್ಣೆ ಗಾಣ ಹಾಕುತ್ತಾರೇನೋ ಎಂದು ಊರೆಲ್ಲ ನಗುತ್ತದೆ. ಅವಳು ಮತ್ತೆ ಹೇಳಲಿಲ್ಲ. ಒಲೆಯ ಮುಂದೆ ಅವ್ವ ಕೇಳಿಸಿಕೊಂಡಳೋ ಇಲ್ಲವೋ.

೧೦ ಜುಲೈ, ಭಾನುವಾರ

ಅವ್ವ ಊರಿಗೆ ಹೋಗಿ ಎರಡು ವಾರವಾಯಿತು. ನಿನ್ನೆಯಿಂದ ಅನಸೂಯಳ ಪಾದಕ್ಕೆ ಸ್ಪರ್ಶ ಗೊತ್ತಾಗುತ್ತಿಲ್ಲ. ಹೊನ್ನಕ್ಕ ಬಿಸಿನೀರಿನ ಬಟ್ಟೆ ಒತ್ತಿದ್ದು ತಿಳಿಯಲಿಲ್ಲವಂತೆ.

೧೪ ಜುಲೈ, ಗುರುವಾರ

ಕಾಲು ಎರಡೂ ಅಲ್ಲಾಡುವುದಿಲ್ಲ. ಹಾಸನಕ್ಕೆ ಹೋಗಿ ಡಾಕ್ಟರನ್ನು ಕಾರಿನಲ್ಲಿ ಕರೆತಂದೆ. ಮೂಳೆಯ ಕೀವು ನರವನ್ನು ಒತ್ತುತ್ತಿದೆ ಎಂದರು. ಔಷಧಿ ಹೆಚ್ಚಿಸಿದ್ದಾರೆ. ಕೆಲವರಿಗೆ ತಾನಾಗಿ ಬಿಟ್ಟುಕೊಡುತ್ತದಂತೆ. ಕೆಲವರಿಗೆ ಇಲ್ಲವಂತೆ.

೩೧ ಜುಲೈ, ಭಾನುವಾರ

ಕಿಟಕಿ ಮುಚ್ಚಿಬಿಡಿ ಎಂದಳು. ಮಳೆ ಎರಚುತ್ತದೆಯೇ ಎಂದೆ. ಇಲ್ಲ, ಮುಚ್ಚಿ ಎಂದಳು.

ಮುಚ್ಚಿದೆ. ಕೋಣೆ ಕತ್ತಲಾಯಿತು. ಹಲ್ಲಿ, ಹೊಳೆ ಯಾವುದೂ ಕಾಣುವುದಿಲ್ಲ. ಗಿಡದ ಮಾತು ಎತ್ತಲು ನನಗೆ ಬಾಯಿ ಬರುವುದಿಲ್ಲ. ಅಂಗಳದಲ್ಲಿ ಕಾಸ್ಮಾಸಿನ ಕಡ್ಡಿ ನಿಂತಿದೆ, ಗರಿಕೆ ಬಂದಿದೆ. ಹಾರೆ ಗುದ್ದಲಿ ಮುಟ್ಟಿ ತಿಂಗಳಾಯಿತು. ಶಾಲೆ ಬಿಟ್ಟ ಕೂಡಲೇ ಬಂದು ಬೆಂಚಿನ ಮೇಲೆ ಕೂರುತ್ತೇನೆ. ರಾಮಾಯಣವೋ ಪೇಪರೋ ಓದಿ ಹೇಳಿದರೆ ಕೇಳಿಸಿಕೊಳ್ಳುತ್ತಾಳೆ ಅಥವಾ ಕೇಳಿಸಿಕೊಂಡ ಹಾಗೆ ಇರುತ್ತಾಳೆ. ಅವಳ ಕಾಲನ್ನು ಡಾಕ್ಟರು ತೋರಿಸಿದ ಹಾಗೆ ತಿಕ್ಕುತ್ತೇನೆ. ತಣ್ಣಗಿರುತ್ತದೆ. ಅವಳಿಗೆ ಗೊತ್ತಾಗುವುದಿಲ್ಲ, ತಿಕ್ಕಿದೆ ಎಂದು ಹೇಳಬೇಕು.

೮ ಆಗಸ್ಟ್, ಸೋಮವಾರ

ಶಾಲೆಯಿಂದ ಬರುವಾಗ ನೋಡಿದರೆ ಅವ್ವ ಅಂಗಳದಲ್ಲಿ ಸೆರಗು ಸಿಕ್ಕಿಸಿಕೊಂಡು ನಿಂತಿದ್ದಳು. ಬೆಳಗಿನ ಬಸ್ಸಿಗೆ ಬಂದವಳು ನಾನು ಬರುವುದರೊಳಗೆ ಗರಿಕೆಯನ್ನೆಲ್ಲ ಕೆತ್ತಿ ಹಸನು ಮಾಡಿದ್ದಳು. ಮಡಿಲಲ್ಲಿ ಕರೀ ಬೀಜ. ಹುಚ್ಚೆಳ್ಳು. ಕಟ್ಟಾಯದ ನಮ್ಮ ಹೊಲದ್ದೇ. ಹಿಡಿ ಹಿಡಿ ತೆಗೆದು ಬೀಸುತ್ತಿದ್ದಳು. ಅಷ್ಟು ಚಿಕ್ಕ ಜಾಗಕ್ಕೆ ಅಷ್ಟು ಬೀಜವೇ, ಒಂದರ ಅನ್ನ ಒಂದು ಕಸಿಯುವುದಿಲ್ಲವೇ ಎಂದೆ.

"ಒತ್ತಾಗೇ ಚೆಲ್ಬೇಕು ಕಣಪ್ಪ," ಎಂದಳು. "ಒಂಟಿ ಗಿಡ ಗಾಳಿಗೆ ಮಲಿಕ್ಕತದೆ. ಒತ್ತಾಗಿದ್ರೆ ಎತ್ರಕ್ಕೆ ಏಳ್ತವೆ, ಒಂದಕ್ಕೊಂದು ಆತ್ಕೊಂಡು ನಿಂತ್ಕತವೆ."

ಇದನ್ನು ಯಾಕೆ ತಂದಳು ಎಂದು ನಾನು ಕೇಳಲಿಲ್ಲ. ಮಾವನ ಮಗಳಿಗೆ ಹೊಳೆನರಸೀಪುರದ ಕಡೆ ಗಂಡು ಗೊತ್ತಾಯಿತಂತೆ, ಹುಡುಗ ಒಳ್ಳೆಯವನಂತೆ. ಕೇಳಿ ಸಂತೋಷವಾಯಿತು. ಒಳಗೆ ಬಂದು ಅನಸೂಯಳ ಕಾಲು ತಿಕ್ಕಲು ಕೂತೆ. ಅವ್ವ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಸ್ವಲ್ಪ ಹೊತ್ತಿಗೆ ಬಂದು ಇನ್ನೊಂದು ಕಾಲನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡಳು.

೨೫ ಸೆಪ್ಟೆಂಬರ್, ಭಾನುವಾರ

ಬಹಳ ದಿನಗಳಿಂದ ಬರೆದಿರಲಿಲ್ಲ, ಬರೆಯುವಂಥದ್ದೂ ಇರಲಿಲ್ಲ.

ಹುಚ್ಚೆಳ್ಳು ಬಂಡೆಯ ಮೇಲೆ ಹಸಿರು ಗೋಡೆಯ ಹಾಗೆ ಎದ್ದದ್ದನ್ನು ದಿನಾ ನೋಡುತ್ತಿದ್ದೆ. ಗೌರಿ ಹಬ್ಬದ ಹಿಂದಿನ ವಾರ ಗಾಳಿ ಮಳೆ ಎರಡೂ ಹೊಡೆದವು. ಒಂದು ಕಡೆಗೆ ವಾಲಿ ಮತ್ತೆ ಎದ್ದುಕೊಂಡಿತು. ಕಿತ್ತು ನೋಡಿದರೆ ಬೇರೆಲ್ಲ ಒಂದರೊಳಗೊಂದು ಹೆಣೆದುಕೊಂಡು ಚಾಪೆಯಾಗಿತ್ತು. ಅವಳಿಗೆ ಹೇಳಿರಲಿಲ್ಲ. ಹೇಳಿ, ಅದೂ ಬಿದ್ದುಹೋದರೆ?

ಇಂದು ಬೆಳಗ್ಗೆ ಬಿಸಿಲು ಬಿದ್ದ ಮೇಲೆ ಅವಳೇ ಕೇಳಿದಳು, ಹೊರಗೆ ಅದೇನು ಸದ್ದು ಎಂದು. ನನಗೆ ಏನೂ ಕೇಳಿಸಲಿಲ್ಲ. ಮಲಗಿ ಕೇಳಿ ಎಂದಳು. ಬೆಂಚಿನ ಮೇಲೆ ಮಲಗಿದೆ. ಮುಚ್ಚಿದ ಕಿಟಕಿಯ ಆಚೆ ಒಂದೇ ಸಮನೆ ಗುಂಯ್ ಎನ್ನುತ್ತಿತ್ತು. ಜೇನು.

"ತೆಗೀರಿ," ಎಂದಳು.

ತೆಗೆದೆ. ಕಿಟಕಿಯ ಕಟ್ಟೆಯ ಮೇಲಿಂದ ಮೇಲಕ್ಕೆ, ಸರಳುಗಳ ಅರ್ಧದವರೆಗೆ, ಹಳದಿ. ಒಂದು ಹೂವಲ್ಲ ಎರಡಲ್ಲ. ಹೂ ಸಣ್ಣದು, ಅಂಥ ಚೆಂದದ್ದೂ ಅಲ್ಲ. ಆದರೆ ಅಷ್ಟೂ ಒಟ್ಟಿಗೆ ಅಲ್ಲಾಡುತ್ತಿತ್ತು. ಸೂರಿನ ಹೆಂಚಿಗೂ ಅದರ ಬೆಳಕು ತಾಗಿತ್ತು. ಅವಳು ತಲೆ ತಿರುಗಿಸಿದವಳು ಹಾಗೇ ಇದ್ದಳು. ಕಣ್ಣಿನ ನೀರು ಕಿವಿಯ ಕಡೆ ಹರಿದು ಹೋಗುತ್ತಿತ್ತು. ಮಲಗಿದವರು ಅತ್ತರೆ ಹಾಗೆ. ಒರೆಸಿದೆ.

ಯಾರು ಹಾಕಿದ್ದು ಎಂದು ಕೇಳಿದಳು. ಅವ್ವ ಎಂದೆ.

೧೬ ಅಕ್ಟೋಬರ್, ಭಾನುವಾರ

ಎಡಗಾಲಿನ ಹೆಬ್ಬೆರಳು ಅಲ್ಲಾಡಿತು. ನಾನು ತಿಕ್ಕುತ್ತಿದ್ದಾಗ "ಅಯ್ಯೋ, ಉಗುರು ಚುಚ್ಚುತ್ತೆ," ಎಂದಳು. ಚುಚ್ಚುತ್ತದೆ ಎಂದು ಹೇಳಿದಳು. ಉಗುರು ಕತ್ತರಿಸಿಕೊಂಡೆ.

ಬೈರಯ್ಯ ಬಂದು ಜೇನು ಮನೆ ಹೊಕ್ಕೀತೆಂದು ಹೆದರಿಕೊಂಡು ಹೋದ. ಶಾಲೆಯಲ್ಲಿ ಎಣ್ಣೆ ಗಾಣದ ಮಾತು ಆಗಲೇ ಬಂದಾಯಿತು. ನಾಲ್ಕು ದಿನ ನಗುತ್ತಾರೆ.

೩೦ ಅಕ್ಟೋಬರ್, ಭಾನುವಾರ

ಡಾಕ್ಟರು ಬಂದಿದ್ದರು. ಕಾಲಿಗೆ ಬಲ ಬರುತ್ತಿದೆ, ಎಡಗಾಲಿಗೆ ಹೆಚ್ಚು, ಬಲಗಾಲಿಗೆ ಕಡಿಮೆ. ಮೂಳೆ ಕೂಡಿಕೊಂಡಿದೆ, ಬಗ್ಗಿ ಕೂಡಿಕೊಂಡಿದೆ. ಬೆನ್ನು ನೆಟ್ಟಗಾಗುವುದಿಲ್ಲ. ಮಕ್ಕಳ ಆಸೆ ಇಟ್ಟುಕೊಳ್ಳದಿರುವುದೇ ಒಳ್ಳೆಯದು ಎಂದು ನನ್ನನ್ನು ಜಗಲಿಗೆ ಕರೆದು ಹೇಳಿದರು. ಒಳಗೆ ಹೋಗಿ ಅವಳಿಗೆ ಎಲ್ಲವನ್ನೂ ಹೇಳಿದೆ. ಗೋಡೆಯಾಚೆಯಿಂದ ಕೇಳಿಸಿಕೊಳ್ಳುವುದು ಬೇಡ.

ಅತ್ತೆಗೆ ಹೇಳಿದ್ದೀರಾ ಎಂದಳು. ಹೇಳುತ್ತೇನೆ ಎಂದೆ. ಅವ್ವನಿಗೆ ಹೇಳುವುದು ಸುಲಭವಲ್ಲ. ಹೇಳಬೇಕಾದ್ದು ನಾನೇ.

ಮುಂದಿನ ತಿಂಗಳ ಕೊನೆಗೆ ಕೂರಿಸಿ ನೋಡಬಹುದಂತೆ, ಮೊದಲ ದಿನ ಕಾಲು ಗಂಟೆ ಮಾತ್ರ.

೨೭ ನವೆಂಬರ್, ಭಾನುವಾರ

ಹೂವೆಲ್ಲ ಉದುರಿ ಗಿಡ ಒಣಗಿತ್ತು. ಅವ್ವ ದೀಪಾವಳಿ ಮುಗಿಸಿಕೊಂಡು ಬಂದವಳು ಹೋಗಿಲ್ಲ. ಡಾಕ್ಟರು ಹೇಳಿದ್ದನ್ನು ಅವಳಿಗೆ ಬಂದ ದಿನವೇ ಹೇಳಿದ್ದೆ. ಆ ದಿನ ಊಟ ಮಾಡಲಿಲ್ಲ. ಮಾರನೆಯ ದಿನ ಎದ್ದು ಸೊಸೆಗೆ ತಲೆ ಬಾಚಿದಳು.

ಇಂದು ಅವ್ವ ಬೆಳಗ್ಗೆಯೇ ಹುಚ್ಚೆಳ್ಳು ಕೊಯ್ದು, ಬಂಡೆಯ ಮೇಲೆ ಹರಡಿ, ಕೋಲಿನಿಂದ ಬಡಿಯುತ್ತಿದ್ದಳು. ನಾನೂ ಹೊನ್ನಕ್ಕನೂ ಡಾಕ್ಟರು ತೋರಿಸಿಕೊಟ್ಟಿದ್ದ ಹಾಗೆ ಅನಸೂಯಳನ್ನು ತೊಟ್ಟಿಯಿಂದ ಬಿಡಿಸಿ, ತೋಳಿನ ಕೆಳಗೆ ಕೈಕೊಟ್ಟು, ಮೆಲ್ಲಗೆ ಎತ್ತಿ ಕೂರಿಸಿದೆವು. ಮೊದಲು ಮುಖ ಬಿಳಿಚಿಕೊಂಡಿತು. ಕಣ್ಣು ಕತ್ತಲೆ ಬರುತ್ತೆ, ಬಿಡಬ್ಯಾಡಿ ಎಂದಳು. ನಾನು ಹಿಂದೆ ಕೂತು ಅವಳ ಬೆನ್ನಿಗೆ ಕೈಕೊಟ್ಟೆ. ಮೂಳೆಯ ಗಂಟು ನನ್ನ ಅಂಗೈಗೆ ಸಿಕ್ಕಿತು. ಹೊನ್ನಕ್ಕ ಕಾಲು ಸರಿಮಾಡಿ ಹೊರಗೆ ಹೋದಳು.

ತಲೆಸುತ್ತು ಇಳಿದ ಮೇಲೆ ಕಣ್ಣು ಬಿಟ್ಟು ಕಿಟಕಿಯಾಚೆ ನೋಡಿದಳು. ಒಮ್ಮೆ ಕನ್ನಡಿಯಲ್ಲಿ ಕಂಡದ್ದು ಬಿಟ್ಟರೆ ಅಂಗಳವನ್ನು ಅವಳು ಇದುವರೆಗೆ ಕಂಡಿರಲಿಲ್ಲ. ಕಾಣಲು ಈಗ ಅಲ್ಲಿ ಏನೂ ಇರಲಿಲ್ಲ, ಬರೀ ಕೂಳೆ, ಕಲ್ಲು, ಬಂಡೆಯ ಮೇಲೆ ಮಣ್ಣಿನ ತೇಪೆ.

"ಇಷ್ಟೇನಾ ಮಣ್ಣು?" ಎಂದಳು.

ಬಡಿಯುವ ಸದ್ದು ನಿಂತಿತು. ಅವ್ವ ತಲೆಯೆತ್ತಿದ್ದಳು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಅವ್ವ ಕೋಲನ್ನು ಕೆಳಗಿಟ್ಟು, ಸೆರಗಿನಲ್ಲಿ ಕೈ ಒರೆಸಿಕೊಂಡು ಕಿಟಕಿಯ ಹತ್ತಿರ ಬಂದಳು. ತಲೆಯ ಮೇಲೆಲ್ಲ ಒಣ ಹೊಟ್ಟು. 

"ಎದ್ಯಾ ಮಗ," ಎಂದಳು.

"ಎದ್ದೆ ಅತ್ತೆ," ಎಂದಳು ಅನಸೂಯ.

ಅವ್ವ ಸರಳಿನ ನಡುವೆ ಕೈ ತೂರಿಸಿ ಅವಳ ಕೆನ್ನೆ ಮುಟ್ಟಿದಳು. ಆಮೇಲೆ ಹೋಗಿ ಮತ್ತೆ ಬಡಿಯಲು ಶುರುಮಾಡಿದಳು. ಅನಸೂಯ ಅದನ್ನೇ ನೋಡುತ್ತಾ ಕೂತಿದ್ದಳು. ಕಾಲು ಗಂಟೆ ಯಾವಾಗಲೋ ಆಗಿರಬೇಕು. ಮಲಗುತ್ತೀಯಾ ಎಂದು ನಾನು ಕೇಳಲಿಲ್ಲ, ಮಲಗಿಸಿ ಎಂದು ಅವಳೂ ಕೇಳಲಿಲ್ಲ. ನನ್ನ ಕೈ ಜೋಮು ಹಿಡಿದಿತ್ತು. ತೆಗೆಯಲಿಲ್ಲ.